ಕಚೇರಿಯ ಹಳೇ ಡಬ್ಬದಲ್ಲಿ ಓವರ್‌ಕ್ಲಾಕ್: ಮೊದಲು ಬಿಸಿಯ ಲೆಕ್ಕ

ಬೆಂಗಳೂರಿನ ಎಸ್.ಪಿ. ರೋಡಿಗೆ ಒಮ್ಮೆ ಹೋಗಿಬಂದವರಿಗೆ ಗೊತ್ತು, ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳು ಅಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಈ ಟಿಪ್ಪಣಿಗೆ ಅಂಥದ್ದೇ ಒಂದನ್ನು ಇಟ್ಟುಕೊಳ್ಳೋಣ: ಡೆಲ್ ಆಪ್ಟಿಪ್ಲೆಕ್ಸ್ 9020, ಟವರ್ ಮಾದರಿ, ಒಳಗೆ ಇಂಟೆಲ್ ಐ5-4590. ನಾಲ್ಕು ಕೋರ್, ಮೂಲ ವೇಗ 3.3 ಗಿಗಾಹರ್ಟ್ಸ್, ಟರ್ಬೊದಲ್ಲಿ, ಅಂದರೆ ಕೆಲಸ ಬಂದಾಗ ಚಿಪ್ ತಾನೇ ಏರಿಸಿಕೊಳ್ಳುವ ವೇಗದಲ್ಲಿ, 3.7 ವರೆಗೆ. ಇದನ್ನು ಕಡಿಮೆ ಖರ್ಚಿನಲ್ಲಿ ಇನ್ನೂ ವೇಗವಾಗಿ ಓಡಿಸಬಹುದಾ? ತಯಾರಕರು ಇಟ್ಟ ವೇಗಕ್ಕಿಂತ ಮೇಲೆ ಓಡಿಸುವುದಕ್ಕೇ ಓವರ್‌ಕ್ಲಾಕ್ ಅನ್ನುವುದು.

ಬೀಗ ಎಲ್ಲಿದೆ

ಪ್ರೊಸೆಸರ್ ವೇಗ ಅಂದರೆ ಒಂದು ಗುಣಾಕಾರ. ಬೇಸ್ ಕ್ಲಾಕ್, ಅಂದರೆ ಯಂತ್ರಕ್ಕೆ ತಾಳ ಹಾಕುವ ಮೂಲ ಬಡಿತ, 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 33. ಗುಣಿಸಿದರೆ 3.3 ಗಿಗಾಹರ್ಟ್ಸ್. ಹಾಗಾಗಿ ವೇಗ ಏರಿಸಲು ಇರುವುದು ಎರಡೇ ದಾರಿ.

ಮಲ್ಟಿಪ್ಲೈಯರ್‌ನ ದಾರಿಗೆ ಇಂಟೆಲ್ ಬೀಗ ಹಾಕಿದೆ. ಹೆಸರಿನ ಕೊನೆಯಲ್ಲಿ 'ಕೆ' ಇರುವ ಚಿಪ್ ಬೇಕು, ಅದಕ್ಕೆ ಝಡ್ ಸಾಲಿನ ಮದರ್‌ಬೋರ್ಡ್ ಬೇಕು. 9020ಯಲ್ಲಿ ಇರುವುದು ಕ್ಯೂ87 ಸಾಲಿನ ಬೋರ್ಡ್, ಕಚೇರಿಗೆಂದೇ ಮಾಡಿದ್ದು. ಐ7-4770ಕೆ ತಂದು ಕೂರಿಸಿದರೂ ಆ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ನಲ್ಲಿ ತಿರುಗಿಸಲು ಗುಂಡಿಯೇ ಇಲ್ಲ.

ಬೇಸ್ ಕ್ಲಾಕ್‌ನ ದಾರಿ ಒಂದು ಕಾಲದಲ್ಲಿ ತೆರೆದೇ ಇತ್ತು. 1998ರ ಸೆಲೆರಾನ್ 300ಎ ಚಿಪ್‌ನ ಮಲ್ಟಿಪ್ಲೈಯರ್ 4.5ಕ್ಕೆ ಬೀಗ ಹಾಕಿಕೊಂಡೇ ಬರುತ್ತಿತ್ತು. ಆದರೆ ಬಸ್ ವೇಗವನ್ನು (ಬೇಸ್ ಕ್ಲಾಕ್‌ನ ಆಗಿನ ಹೆಸರು) 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಓವರ್‌ಕ್ಲಾಕ್ ಅನ್ನೋ ಹುಚ್ಚು ಹಬ್ಬಿದ್ದಕ್ಕೆ ಆ ಅಗ್ಗದ ಚಿಪ್‌ದೂ ದೊಡ್ಡ ಪಾಲು. 4590ರ ಪೀಳಿಗೆಯಲ್ಲಿ ಗ್ರಾಫಿಕ್ಸ್ ಕಾರ್ಡಿನಂಥವು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕೂಡ ಅದೇ ಬೇಸ್ ಕ್ಲಾಕ್‌ಗೆ ಕಟ್ಟಿಕೊಂಡಿದೆ. ಕೆಲವೇ ಮೆಗಾಹರ್ಟ್ಸ್ ಎಳೆದರೂ ಸಿಸ್ಟಮ್ ತಡವರಿಸುತ್ತದೆ. ಅದನ್ನು ಎಳೆಯುವ ಅವಕಾಶವೂ ಈ ಬಯಾಸ್‌ನಲ್ಲಿಲ್ಲ ಅನ್ನಿ.

ಅಂದ್ರೆ ಪ್ರೊಸೆಸರ್ ಓವರ್‌ಕ್ಲಾಕ್ ಆಗಲ್ಲ. ನಿರಾಸೆಯಾಯ್ತಾ? ನನಗೂ ಆಗಿತ್ತು. ಆದರೆ ಧೂಳು ತುಂಬಿದ ಹಳೇ ಯಂತ್ರ ಎಷ್ಟೋ ಸಲ ತನ್ನ ಕಾಗದದ ಮೇಲಿನ ವೇಗಕ್ಕೇ ಮುಟ್ಟುತ್ತಿರುವುದಿಲ್ಲ. ಅದಕ್ಕೆ ಕಾರಣ ಬಿಸಿ.

ಬಿಸಿಯ ಲೆಕ್ಕ

ಈ ಒಂದು ಭಾಗ ನಿಧಾನಕ್ಕೆ ಓದಿ. ಚಿಪ್ಪಿನ ಒಳಗೆ ಕೋಟಿಗಟ್ಟಲೆ ಸ್ವಿಚ್‌ಗಳಿವೆ. ಪ್ರತಿ ಸಲ ಸ್ವಿಚ್ ಹಾಕುವಾಗ ಒಂದು ಪುಟ್ಟ ಬಿಂದಿಗೆ ತುಂಬಬೇಕು ಅಂದುಕೊಳ್ಳಿ. ಬೇಗ ತುಂಬಬೇಕಾದರೆ ನಲ್ಲಿಯ ಒತ್ತಡ ಜಾಸ್ತಿ ಇರಬೇಕು. ಇಲ್ಲಿ ಆ ಒತ್ತಡವೇ ವೋಲ್ಟೇಜ್. ಅದಕ್ಕೇ ವೇಗ ಏರಿಸಿದವರು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ತೊಂದರೆ ಏನೆಂದರೆ, ವಿದ್ಯುತ್ ಖರ್ಚು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ವರ್ಗದಲ್ಲಿ ಏರುತ್ತದೆ.

84 ವ್ಯಾಟ್‌ನ ಒಂದು ಚಿಪ್ ತೆಗೆದುಕೊಳ್ಳಿ. ವೇಗ 3.5ರಿಂದ 4.3ಕ್ಕೆ, ವೋಲ್ಟೇಜ್ 1.1ರಿಂದ 1.25ಕ್ಕೆ ಏರಿಸಿದೆವು ಅನ್ನಿ. ವೇಗದ ಪಾಲು 1.23 ಪಟ್ಟು. ವೋಲ್ಟೇಜಿನ ಪಾಲು 1.29 ಪಟ್ಟು. ಒಟ್ಟು ಸುಮಾರು 1.59 ಪಟ್ಟು, ಅಂದರೆ 133 ವ್ಯಾಟ್. ಸಿಕ್ಕ ವೇಗ ಶೇ 23, ತೆತ್ತ ಬಿಸಿ ಶೇ 59!

ಈಗ ಕೂಲರ್. ಒಂದು ವ್ಯಾಟ್‌ಗೆ ಚಿಪ್ ಎಷ್ಟು ಡಿಗ್ರಿ ಏರುತ್ತದೆ ಅನ್ನುವುದೇ ಕೂಲರ್‌ನ ಅಳತೆ. ಸಾಧಾರಣ ಕೂಲರ್‌ಗೆ 0.5 ಎಂದಿಟ್ಟುಕೊಳ್ಳಿ. 84 ವ್ಯಾಟ್‌ಗೆ 42 ಡಿಗ್ರಿ. ಇದು ಸುತ್ತಲಿನ ಗಾಳಿಯ ಮೇಲೆ ಸೇರುವ ಸಂಖ್ಯೆ, ಮರೆಯಬೇಡಿ. 26 ಡಿಗ್ರಿಯ ಕೋಣೆಯಲ್ಲಿ ಚಿಪ್ 68ಕ್ಕೆ ನಿಲ್ಲುತ್ತದೆ. ಮೇ ತಿಂಗಳ ರಾಯಚೂರು, ಕೋಣೆಯೇ 42 ಡಿಗ್ರಿ ಇದ್ದರೆ? 84. ಅದೇ ಕೂಲರ್, ಅದೇ ಕೋಣೆ, ಮೇಲಿನ 133 ವ್ಯಾಟ್ ಹಾಕಿ ನೋಡಿ: 108 ದಾಟುತ್ತದೆ. 100 ಡಿಗ್ರಿ ಹತ್ತಿರ ಬಂದರೆ ಈ ಚಿಪ್ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಕಷ್ಟಪಟ್ಟು ಏರಿಸಿದ್ದನ್ನು ಅದೇ ವಾಪಸ್ ತೆಗೆದುಕೊಂಡಂತಾಯಿತು.

ಇನ್ನೊಂದು ಮಾತು, ಮೇಲೆ ಸುಲಭಕ್ಕೆಂದು ಕೋಣೆಯ ಬಿಸಿಯನ್ನೇ ಹಿಡಿದೆ, ಆದರೆ 'ಸುತ್ತಲಿನ ಗಾಳಿ' ಅಂದರೆ ನಿಜಕ್ಕೂ ಡಬ್ಬದ ಒಳಗಿನ ಗಾಳಿ. ಕಂಪ್ಯೂಟರ್ ಟೇಬಲ್‌ನ ಕೆಳಗಿನ ಗೂಡಿಗೆ ಸಿಪಿಯು ತಳ್ಳಿ ಬಾಗಿಲು ಮುಚ್ಚಿದ ಮನೆಗಳು ಎಷ್ಟಿಲ್ಲ! ಅಲ್ಲಿಂದ ಹೊರಗೆ ಎಳೆದು ಇಡುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಕೈ ಹಾಕುವ ಕ್ರಮ

ಮೊದಲು ಅಳೆಯಿರಿ. ಎಚ್‌ಡಬ್ಲ್ಯುಇನ್ಫೊ (ಬಿಸಿ, ವೇಗ ತೋರಿಸುವ ಸಾಫ್ಟ್‌ವೇರ್) ತೆರೆದಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಹತ್ತು ನಿಮಿಷ ಓಡಿಸಿ. ಗರಿಷ್ಠ ಬಿಸಿ, ಆಗಿನ ವೇಗ, ಕೋಣೆಯ ಬಿಸಿ, ಮೂರನ್ನೂ ಬರೆದಿಡಿ. ಕೋಣೆಯದ್ದನ್ನು ಬರೆಯದೆ ಹೋದರೆ ಡಿಸೆಂಬರ್‌ನ ಸಂಖ್ಯೆಯನ್ನು ಏಪ್ರಿಲ್‌ನದ್ದಕ್ಕೆ ಹೋಲಿಸಿ ಸುಮ್ನೆ ತಲೆಕೆಡಿಸಿಕೊಳ್ಳುತ್ತೀರಿ.

ಆಮೇಲೆ ಧೂಳು. ಬ್ಲೋವರ್ ಬಿಡುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ನಂತರ ಚಿಪ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್. ವರ್ಷಗಳು ಕಳೆದ ಹಾಗೆ ಅದು ಒಣಗಿ ಸುಣ್ಣದ ಹಾಗಾಗಿರುತ್ತದೆ. ಐದು ನಿಮಿಷ ಯಂತ್ರ ಓಡಿಸಿ, ಆಫ್ ಮಾಡಿ, ವೈರ್ ಕಿತ್ತು, ಬೆಚ್ಚಗಿರುವಾಗಲೇ ಕೂಲರನ್ನು ಸ್ವಲ್ಪ ತಿರುಚಿ ಎತ್ತಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಹೊಸ ಪೇಸ್ಟ್ ನಡುವೆ ಬಟಾಣಿ ಕಾಳಿನಷ್ಟಿದ್ದರೆ ಸಾಕು. ದೋಸೆಗೆ ಬೆಣ್ಣೆ ಹಾಕಿದ ಹಾಗೆ ಧಾರಾಳ ಬೇಡ. ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಸಣ್ಣ ಸಂದುಗಳಲ್ಲಿ ಗಾಳಿ ಇರದಂತೆ ತುಂಬಲು, ಅಷ್ಟೆ.

ಹೊಸ ಕೂಲರ್ ಕೊಳ್ಳುವ ಮುನ್ನ ಎರಡು ವಿಷಯ ನೋಡಿ. ಕಂಪನಿಯೇ ಜೋಡಿಸಿ ಮಾರುವ ಹಲವು ಪ್ರಿಬಿಲ್ಟ್‌ಗಳಲ್ಲಿ ಕೂಲರ್‌ನ ಸ್ಕ್ರೂಗಳು ಡಬ್ಬದ ತಗಡಿಗೇ ಕಚ್ಚಿಕೊಂಡಿರುತ್ತವೆ. ಅಂಗಡಿಯಲ್ಲಿ ಸಿಗುವ, ಪಿನ್ ಒತ್ತಿ ಕೂರಿಸುವ ಪುಶ್‌ಪಿನ್ ಕೂಲರ್ ಅಲ್ಲಿ ಕೂರದೆ ಇರಬಹುದು. ಆಪ್ಟಿಪ್ಲೆಕ್ಸ್‌ಗಳ ಫ್ಯಾನ್ ಕನೆಕ್ಟರ್ ಕೂಡ ಸಾಮಾನ್ಯ ನಾಲ್ಕು ಪಿನ್ನಿನದಲ್ಲ, ಐದರದ್ದು. ಅಡಾಪ್ಟರ್ ಇಲ್ಲದೆ ಬೇರೆ ಫ್ಯಾನ್ ಹಾಕಿದರೆ ಪ್ರತಿ ಸಲ ಆನ್ ಮಾಡಿದಾಗಲೂ ಫ್ಯಾನ್ ಕೆಟ್ಟಿದೆ ಎಂದು ನಿಂತು, ಎಫ್1 ಒತ್ತಿ ಎನ್ನಬಹುದು.

ಪವರ್ ಸಪ್ಲೈ ವಿಷಯದಲ್ಲಿ ನಾನೇ ಎಡವಿದ್ದೇನೆ. ಎಲ್ಲ ಬೋರ್ಡಿಗೂ 24 ಪಿನ್ ತಾನೇ ಎಂದು ಸಾದಾ ಎಸ್‌ಎಂಪಿಎಸ್ (ಪವರ್ ಸಪ್ಲೈಗೆ ಪೇಟೆಯ ಹೆಸರು) ಕೊಂಡು ತಂದೆ. 9020ಯ ಬೋರ್ಡಿನಲ್ಲಿರುವುದು ಎಂಟೇ ಪಿನ್. ಅಡಾಪ್ಟರ್ ಕೇಬಲ್‌ಗಾಗಿ ಮತ್ತೆ ಪೇಟೆಗೆ ಹೋಗಬೇಕಾಯಿತು. ಇದು ಕೊಳ್ಳುವ ಮುಂಚೆ ಮುಚ್ಚಳ ತೆಗೆದು ನೋಡದ ತಪ್ಪು, ಬೇರೇನಲ್ಲ.

ರ್‍ಯಾಮ್ ಬಗ್ಗೆ ಒಂದೇ ಸಾಲು: ಒಂದೇ ಕಡ್ಡಿ ಇದ್ದರೆ ಅಂಥದ್ದೇ ಇನ್ನೊಂದು ಹಾಕಿ. ಡಿಡಿಆರ್3-1600ರಲ್ಲಿ ದಾರಿಯ ಅಗಲ ಸೆಕೆಂಡಿಗೆ 12.8 ಗಿಗಾಬೈಟ್‌ನಿಂದ 25.6ಕ್ಕೆ ಏರುತ್ತದೆ. ಹಳೇ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕುವ ಬಗ್ಗೆ ಹೇಳಬೇಕಾಗಿಯೇ ಇಲ್ಲ ಅಲ್ವಾ?

ಬೀಗವಿಲ್ಲದ ಬಾಗಿಲು

ಇನ್ನು ನಿಜವಾದ ಓವರ್‌ಕ್ಲಾಕ್. ಅದು ಗ್ರಾಫಿಕ್ಸ್ ಕಾರ್ಡಿನಲ್ಲಿದೆ. ಅದು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. 9020 ಟವರ್‌ನ ಮೂಲ ಸಪ್ಲೈ 290 ವ್ಯಾಟ್‌ನದು. ಹಾಗಾಗಿ ಬೇರೆ ಪವರ್ ವೈರ್ ಬೇಡದ 75 ವ್ಯಾಟ್‌ನ ಜಿಟಿಎಕ್ಸ್ 1650 ಇದಕ್ಕೆ ಒಪ್ಪುವ ಜೋಡಿ. ಅದರಲ್ಲೇ ಆರು ಪಿನ್ನಿನ ಪವರ್ ವೈರ್ ಕೇಳುವ ಮಾದರಿಗಳೂ ಇವೆ, ಅವನ್ನು ಬಿಡಿ.

ಎಂಎಸ್‌ಐ ಆಫ್ಟರ್‌ಬರ್ನರ್ (ಕಾರ್ಡಿನ ವೇಗ ಬದಲಿಸುವ ಸಾಫ್ಟ್‌ವೇರ್) ತೆರೆದು ಕೋರ್ ವೇಗವನ್ನು 25 ಮೆಗಾಹರ್ಟ್ಸ್‌ನಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಪ್ರತಿ ಮೆಟ್ಟಿಲಿಗೂ ಒಂದು ಆಟವನ್ನು ಅರ್ಧ ಗಂಟೆ ಆಡಿ. ಪರದೆಯಲ್ಲಿ ಬಣ್ಣದ ಚುಕ್ಕೆ ಬಂದರೆ, ಆಟ ಮುಚ್ಚಿಕೊಂಡರೆ, ಎರಡು ಮೆಟ್ಟಿಲು ಇಳಿಯಿರಿ. ಕೋರ್ ಮುಗಿದ ಮೇಲೆ ಮೆಮೊರಿ. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದು ಕೈಕೊಟ್ಟಿತು ಗೊತ್ತಾಗುವುದಿಲ್ಲ.

ಬೇಗನೇ 75 ವ್ಯಾಟ್‌ನ ಗೋಡೆ ಸಿಗುತ್ತದೆ. ಆಗ ಮೇಲಿನ ವರ್ಗದ ಲೆಕ್ಕವನ್ನು ತಿರುಗಿಸಿ ಬಳಸಬೇಕು. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ರೇಖೆ ತೆರೆಯುತ್ತದೆ. ಅದೇ ವೇಗವನ್ನು ಕಡಿಮೆ ವೋಲ್ಟೇಜಿನಲ್ಲಿ ಕೂರಿಸಿ. ವೋಲ್ಟೇಜ್ ಶೇ 10 ಇಳಿದರೆ ಖರ್ಚು ಹೆಚ್ಚುಕಡಿಮೆ ಶೇ 19 ಇಳಿಯುತ್ತದೆ. ಉಳಿದ ವ್ಯಾಟ್‌ಗಳಲ್ಲಿ ಕಾರ್ಡ್ ಏರಿಸಿದ ಆ ವೇಗವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ನಿಮಗೆ ಸಿಕ್ಕ ಚಿಪ್ಪಿನ ಹಣೆಬರಹ.