ಗುಹೆಯೋ, ಮುಳುಗಿದ ಹಡಗೋ: ಮೊದಲು ಯಾವ ತರಬೇತಿ?

ಕೋಲಾರದ ಕಡೆ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿಕೊಂಡು ತೆರೆದ ಬಾವಿಯಲ್ಲಿ ಈಜು ಕಲಿತವರಿಗೆ ಒಂದು ಧೈರ್ಯ ಮೈಗೂಡಿರುತ್ತದೆ: ಉಸಿರು ಕಟ್ಟಿದರೆ ಮೇಲೆ ಆಕಾಶವಿದೆ. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡುವಾಗಲೂ ಆ ಧೈರ್ಯ ಜೊತೆಗಿರುತ್ತದೆ. ನೀರು ತುಂಬಿದ ಗುಹೆಯನ್ನೋ ಮುಳುಗಿದ ಹಡಗಿನ ಒಡಲನ್ನೋ ಹೊಕ್ಕ ಗಳಿಗೆಗೆ ಅದು ಸುಳ್ಳಾಗುತ್ತದೆ. ನೆತ್ತಿಯ ಮೇಲೆ ಕಲ್ಲೋ ಕಬ್ಬಿಣವೋ. ಹೊರಬರಲು ಹೊಕ್ಕ ಬಾಗಿಲಿಗೇ ಮರಳಬೇಕು.

ಎರಡಕ್ಕೂ ಬೇರೆ ಬೇರೆ ತರಬೇತಿಗಳಿವೆ. ಹಡಗನ್ನು ಹೊರಗಿನಿಂದ ಸುತ್ತಿ ನೋಡುವುದಷ್ಟೇ ಆಸೆಯಾದರೆ ಹಡಗಿನ ಆರಂಭಿಕ ಕೋರ್ಸ್ ಸಾಕು. ಹಗಲ ಬೆಳಕು ತಲುಪದ ಒಳಕೋಣೆಗೆ ಹೋಗುವ ಮನಸ್ಸಿದ್ದರೆ ಗುಹೆಯ ಕೋರ್ಸನ್ನೇ ಮೊದಲು ಮಾಡಿ ಎನ್ನುತ್ತೇವೆ. ಅದಕ್ಕೆ ಮೆಕ್ಸಿಕೊದ ಯುಕಟಾನ್ ಅಥವಾ ಅಮೆರಿಕದ ಫ್ಲಾರಿಡಾದವರೆಗೆ ಹೋಗಬೇಕಾಗಬಹುದು, ಖರ್ಚು ದೊಡ್ಡದು. ಆದರೂ ನಮ್ಮ ಮಾತು ಅದೇ. ಕಾರಣ, ದಾರ.

ಕೆರೆಯ ಗೋಡನ್ನು ಒಂದು ಲೋಟ ನೀರಿಗೆ ಕದಡಿ ಇಟ್ಟು ನೋಡಿ. ತಿಳಿಯಾಗಲು ಗಂಟೆಗಟ್ಟಲೆ ಬೇಕು. ಗುಹೆಯ ನೆಲದಲ್ಲೂ ಹಡಗಿನ ಕೋಣೆಯಲ್ಲೂ ಇಂಥದೇ ಹೂಳು. ಕಾಲಿಗೆ ತೊಟ್ಟ ಈಜುರೆಕ್ಕೆ, ಅಂದರೆ ಫಿನ್, ಒಮ್ಮೆ ಕೆಳಕ್ಕೆ ಬೀಸಿದರೆ ನಿಮ್ಮ ಅಂಗೈಯೇ ನಿಮಗೆ ಕಾಣದು. ನಂದಿಬೆಟ್ಟದ ಮಂಜಿನಲ್ಲಿ ಹೈಬೀಮ್ ಹಾಕಿದ ಹಾಗೆ, ಟಾರ್ಚಿನ ಬೆಳಕು ಕಣಗಳಿಗೆ ಬಡಿದು ಕಣ್ಣಿಗೇ ಮರಳುತ್ತದೆ. ತಲಾ ಮೂರು ಟಾರ್ಚ್ ಇರಲೇಬೇಕೆಂಬುದು ನಿಯಮ, ಆ ಹೊತ್ತಿಗೆ ಮೂರೂ ಉಪಯೋಗಕ್ಕಿಲ್ಲ. ಉಳಿಯುವುದು ಬಾಗಿಲಿನಿಂದ ಬಿಚ್ಚುತ್ತ ಬಂದ ನೈಲಾನ್ ದಾರವೊಂದೇ. ಅದನ್ನು ಸಡಿಲವಿಲ್ಲದೆ ಕಟ್ಟುವುದು, ಹೊರದಾರಿ ತೋರಲು ದಾರಕ್ಕೆ ಸಿಕ್ಕಿಸಿದ ಬಾಣದ ಗುರುತನ್ನು ಬೆರಳಲ್ಲಿ ಓದುವುದು, ಎರಡು ಮೀಟರ್ ಉದ್ದದ ಗಾಳಿಕೊಳವೆಯಲ್ಲಿ ಜೊತೆಗಾರನಿಗೆ ಉಸಿರು ಕೊಟ್ಟು ಸಾಲಾಗಿ ಹೊರಬರುವುದು, ಇವನ್ನೆಲ್ಲ ಗುಹೆಯ ಕೋರ್ಸಿನಲ್ಲಿ ಕಣ್ಣು ಮುಚ್ಚಿಸಿ ಮತ್ತೆ ಮತ್ತೆ ಮಾಡಿಸುತ್ತಾರೆ.

ಗಾಳಿಯ ಲೆಕ್ಕವೂ ಅಲ್ಲೇ ಪಕ್ಕಾ ಆಗುತ್ತದೆ. ಸಿಲಿಂಡರಿನಲ್ಲಿ 210 ಬಾರ್ (ಒತ್ತಡದ ಅಳತೆ) ಗಾಳಿ ಇದ್ದರೆ ಒಳಹೋಗಲು 70, ಬರಲು 70, ಜೊತೆಗಾರನಿಗಾಗಿ 70. ತೀರ ಒಳಗಿದ್ದಾಗ ಅವನ ಗಾಳಿ ಪೂರ್ತಿ ಹೋದರೆ ನಿಮ್ಮಲ್ಲಿರುವ 140 ಇಬ್ಬರಿಗೂ ಸರಿಹೋಗುತ್ತದೆ, ಇಬ್ಬರೂ ಹೋಗುವಾಗಿನಷ್ಟೇ ನಿಧಾನವಾಗಿ ಉಸಿರಾಡಿದರೆ. ಗಾಬರಿಯಲ್ಲಿ ಹಾಗೆ ಉಸಿರಾಡುವವರಿಲ್ಲ. ಹರಿವು ಒಳಮುಖವಾಗಿರುವ ಗುಹೆಯಲ್ಲಂತೂ ಮರಳುವ ದಾರಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಮೂರನೇ ಒಂದು ಭಾಗಕ್ಕೂ ಮೊದಲೇ ತಿರುಗುವುದು ಒಳ್ಳೆಯದು.

ಹಡಗಿನಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ. 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳ ದಾಳಿಗೆ ಶ್ರೀಲಂಕಾದ ಬಟ್ಟಿಕಲೋವಾ ಬಳಿ ಮುಳುಗಿದ ಬ್ರಿಟಿಷ್ ಹಡಗು ‘ಹರ್ಮಿಸ್’ ಸುಮಾರು 53 ಮೀಟರ್ ಆಳದಲ್ಲಿದೆ. ಅಲ್ಲಿ ಒತ್ತಡ ನೀರಿನ ಮೇಲಿನದಕ್ಕಿಂತ 6.3 ಪಟ್ಟು. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಅಲ್ಲಿ 126 ಲೀಟರ್ ಬೇಕು. ಅದೇ 210 ಬಾರ್ ತುಂಬಿದ, ತಲಾ 12 ಲೀಟರಿನ ಜೋಡಿ ಸಿಲಿಂಡರಿನ ಮೂರನೇ ಒಂದು ಭಾಗ 13 ನಿಮಿಷದಲ್ಲಿ ಮುಗಿಯುತ್ತದೆ. ಬಾಗಿಲು ದಾಟಿ ಹೊರಬಂದರೂ ತಲೆಯ ಮೇಲೆ 50 ಮೀಟರ್ ಸಮುದ್ರವಿರುತ್ತದೆ. ಅದಕ್ಕೇ ಮೇಲೇರಲು ಬೇಕಾದ್ದನ್ನು ಮೊದಲು ತೆಗೆದಿರಿಸಿ, ಉಳಿದದ್ದನ್ನಷ್ಟೇ ಮೂರು ಪಾಲು ಮಾಡಬೇಕು. ಇದರ ಜೊತೆಗೆ ತುಕ್ಕಿನ ಅಂಚು ದಾರವನ್ನು ಕತ್ತರಿಸುತ್ತದೆ, ಜೋತುಬಿದ್ದ ಕೇಬಲ್ ಸಿಲಿಂಡರಿಗೆ ಸಿಕ್ಕಿಕೊಳ್ಳುತ್ತದೆ, ನಿಮ್ಮ ಉಸಿರಿನ ಗುಳ್ಳೆಗಳೇ ಚಾವಣಿಯ ತುಕ್ಕನ್ನು ಉದುರಿಸುತ್ತವೆ. ಪಕ್ಕಕ್ಕೆ ಮಲಗಿದ ಹಡಗಿನಲ್ಲಿ ಗೋಡೆಯೇ ನೆಲ, ಬಾಗಿಲು ಕಾಲ ಕೆಳಗೆ. ದಾರ ಹಿಡಿಯುವುದು ಕೈಗೆ ಕೂತಿದ್ದರೆ ಮಾತ್ರ ಇವುಗಳ ಕಡೆ ಗಮನ ಕೊಡಲು ಸಾಧ್ಯ.

2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯ ನೀರು ತುಂಬಿದ ಸುರಂಗಗಳಾಗಲಿ, ಕಲ್ಲುಕ್ವಾರಿಗಳಾಗಲಿ ಅಭ್ಯಾಸದ ಜಾಗಗಳಲ್ಲ, ದಯವಿಟ್ಟು ಇಳಿಯಬೇಡಿ. ದಾರದ ಅಭ್ಯಾಸಕ್ಕೆ ನೀರೇ ಬೇಡ, ಶ್ರೀನಿವಾಸಪುರದ ಮಾವಿನ ತೋಪು ಸಾಕು. 50 ಮೀಟರ್ ದಾರವನ್ನು ಐದಾರು ಮರಗಳಿಗೆ ಸೊಂಟದೆತ್ತರದಲ್ಲಿ ಎರಡೆರಡು ಸುತ್ತು ಹಾಕಿ ಬಿಗಿಯಿರಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೆಬ್ಬೆರಳು-ತೋರುಬೆರಳನ್ನು ಬಳೆಯಂತೆ ದಾರದ ಸುತ್ತ ಇಟ್ಟು, ಇನ್ನೊಂದು ಕೈಯನ್ನು ಹಣೆಯ ಮುಂದೆ ಹಿಡಿದು ನಡೆಯಿರಿ. ಮರದ ಸುತ್ತು ಬಂದಾಗ ಆಚೆ ಬದಿಯ ದಾರ ಒಂದು ಕೈಗೆ ಸಿಕ್ಕ ಮೇಲೇ ಈಚೆಯದನ್ನು ಬಿಡಬೇಕು. ಹಿಂದಿರುವ ಜೊತೆಗಾರ ನಿಮ್ಮ ತೋಳು ಹಿಡಿದಿರಲಿ: ಮುಂದೆ ತಳ್ಳಿದರೆ ನಡೆ, ಹಿಂಡಿದರೆ ನಿಲ್ಲು. ಇದು ಕೈಗೆ ಹತ್ತಿದ ಮೇಲೆ ಅವನೇ ನಿಮ್ಮನ್ನು ದಾರದಿಂದ ಎರಡು ಮೀಟರ್ ಆಚೆ ಒಯ್ದು, ಸುತ್ತು ತಿರುಗಿಸಿ ಬಿಡಲಿ. ಆಗ ಮೊದಲ ಕೆಲಸ ನಿಲ್ಲುವುದು, ಎರಡನೆಯದು ಜೊತೆಗಿಟ್ಟುಕೊಂಡ ಸ್ಪೂಲಿನ (ಬಿಡಿ ದಾರದ ಉರುಳೆಯ) ತುದಿಯನ್ನು ಕೈಗೆ ಸಿಕ್ಕ ಕೊಂಬೆಗೆ ಕಟ್ಟುವುದು. ಹುಡುಕಾಟ ಆಮೇಲೆ. ಕಟ್ಟದೆ ಹೊರಟವರು ನಾಲ್ಕೇ ಹೆಜ್ಜೆಯಲ್ಲಿ ದಿಕ್ಕು ತಪ್ಪಿರುತ್ತಾರೆ.