3 ಗಂಟೆಯ ಗಿಟಾರು, 95 ವರ್ಷದ ಹಾಡು

ಅಮೆರಿಕದ ರೇಡಿಯೊದಲ್ಲಿ ಒಂದು ಹಾಡು ಬಂದರೆ ಅದನ್ನು ಬರೆದವರಿಗೆ ದುಡ್ಡು ಸಿಗುತ್ತದೆ. ಹಾಡಿದವರಿಗೆ ಸಿಗುವುದಿಲ್ಲ. ಗಿಟಾರ್ ನುಡಿಸಿದವರಿಗೂ ಇಲ್ಲ. ಅದೇ ಹಾಡು ಇಂಟರ್‌ನೆಟ್ ರೇಡಿಯೊದಲ್ಲಿ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಹಾಡಿದವರಿಗೂ ಪಾಲುಂಟು, ನುಡಿಸಿದವರಿಗೂ ಚೂರುಪಾರು ಉಂಟು. ಇದನ್ನು ಸರಿಮಾಡಬೇಕು ಅಂತ ಮಸೂದೆಗಳು ಅಲ್ಲಿನ ಸಂಸತ್ತಿಗೆ ಮತ್ತೆ ಮತ್ತೆ ಬಂದಿವೆ. ಪರ-ವಿರೋಧದ ವಾದ ಓದುತ್ತಾ ಹೋದರೆ ತಲೆ ಕೆಡುತ್ತದೆ. ಆದರೆ ಒಬ್ಬ ಕಲಾವಿದರ ಕೆಲಸವನ್ನು ಹಿಡಿದು ನೋಡಿದರೆ ಗಂಟು ಸ್ವಲ್ಪ ಸಡಿಲವಾಗುತ್ತದೆ. ಅವರು ಹಾಡೂ ಬರೆಯುತ್ತಿದ್ದರು, ಬೇರೆಯವರ ಹಾಡಿಗೆ ಗಿಟಾರೂ ನುಡಿಸುತ್ತಿದ್ದರು. ಹೆಸರು ಜೆರ್ರಿ ರೀಡ್.

ಮೊದಲು ಹಾಡಿನ ದುಡ್ಡಿನ ಕಥೆ. 1909ರ ಅಮೆರಿಕದ ಕಾನೂನು ಹಾಡಿನ ಪ್ರತಿಯೊಂದು ಯಾಂತ್ರಿಕ ಪ್ರತಿಗೆ, ಅಂದರೆ ರೆಕಾರ್ಡಿನಂಥದಕ್ಕೆ, 2 ಸೆಂಟ್ ಅಂತ ದರ ಕಟ್ಟಿತು. ಆ 2 ಸೆಂಟ್ 1978ರವರೆಗೂ ಅಲುಗಲಿಲ್ಲ. ಎರಡು ಮಹಾಯುದ್ಧ ಮುಗಿದವು, ಮನುಷ್ಯ ಚಂದ್ರನ ಮೇಲೆ ಇಳಿದ, ದರ ಮಾತ್ರ ಹಾಗೇ ಇತ್ತು. ಈ ದುಡ್ಡನ್ನು ಅರ್ಧ ಬರೆದವರಿಗೆ, ಅರ್ಧ ಪಬ್ಲಿಷರ್‌ಗೆ ಹಂಚುವುದು ರೂಢಿ. ಪಬ್ಲಿಷರ್ ಅಂದರೆ ಹಾಡಿನ ಹಕ್ಕು ಇಟ್ಟುಕೊಂಡು, ಹಾಡುಗಾರರನ್ನು ಹುಡುಕಿ, ದುಡ್ಡು ವಸೂಲು ಮಾಡುವವರು. 10 ಲಕ್ಷ ರೆಕಾರ್ಡ್ ಮಾರಾಟವಾದರೆ ಹೆಚ್ಚೆಂದರೆ 20,000 ಡಾಲರ್. ಬರೆದವರಿಗೆ 10,000, ಪಬ್ಲಿಷರ್‌ಗೆ 10,000. ರೇಡಿಯೊದಿಂದ ಬರುವುದು ಬೇರೆ.

ಕೂತಲ್ಲೇ ಬೆಳೆಯುವ ದುಡ್ಡು ಪಬ್ಲಿಷಿಂಗ್‌ನಲ್ಲಿದೆ ಅನ್ನುವುದು ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಮಂದಿಗೆ ಬೇಗನೆ ಗೊತ್ತಾಯಿತು. 1927ರಲ್ಲಿ ಟೆನೆಸ್ಸಿ ರಾಜ್ಯದ ಬ್ರಿಸ್ಟಲ್ ಪಟ್ಟಣಕ್ಕೆ ಬಂದು ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಡ್ಜರ್ಸ್ ಅವರ ಹಾಡುಗಳನ್ನು ಮೊದಲು ಧ್ವನಿಮುದ್ರಿಸಿದ ರಾಲ್ಫ್ ಪಿಯರ್, ರೆಕಾರ್ಡ್ ಕಂಪನಿಯಿಂದ ಸಂಬಳದ ಬದಲು ಹಾಡುಗಳ ಹಕ್ಕನ್ನೇ ಕೇಳಿ ಪಡೆದವರು. 1942ರಲ್ಲಿ ಅದೇ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಏಕಫ್-ರೋಸ್ ಪಬ್ಲಿಷಿಂಗ್ ಕಂಪನಿ ಶುರುವಾಯಿತು. ಮುಂದಿನ 20 ವರ್ಷದಲ್ಲಿ ಆ ಊರು ಹಾಡು ಬರೆಯುವವರ ಪೇಟೆಯೇ ಆಗಿಹೋಯಿತು.

ನುಡಿಸುವವರ ದಾರಿ ಬೇರೆ. ಅವರದು ಗಂಟೆ ಲೆಕ್ಕದ ಕೂಲಿ. ನ್ಯಾಶ್‌ವಿಲ್‌ನಲ್ಲಿ ಒಂದು ಸೆಷನ್ ಅಂದರೆ 3 ಗಂಟೆ. ಅದರಲ್ಲಿ ಮೂರೋ ನಾಲ್ಕೋ ಹಾಡು ಮುಗಿಯಬೇಕು. ವಾದಕರ ಸಂಘ ಗೊತ್ತುಮಾಡಿದ ದರ ಕೈಗೆ ಬರುತ್ತದೆ, ಅಲ್ಲಿಗೆ ಮುಗಿಯಿತು. ನಮ್ಮ ಸಿನಿಮಾ ಹಾಡುಗಳಿಗೆ ಕೊಳಲು, ಪಿಟೀಲು ನುಡಿಸಿ ಹೋದವರನ್ನು ನೆನೆಸಿಕೊಳ್ಳಿ, ಹೆಚ್ಚು ಕಡಿಮೆ ಹಾಗೆಯೇ.

ಆದರೆ ಆ 3 ಗಂಟೆಯಲ್ಲಿ ಅವರು ಮಾಡುತ್ತಿದ್ದುದು ಏನು? ಎದುರಿಗೆ ಸ್ವರಲಿಪಿ ಇರುತ್ತಿರಲಿಲ್ಲ. ಹಾಡನ್ನು ಒಂದೆರಡು ಸಲ ಕೇಳಿ, ಒಂದು ಚೀಟಿಯಲ್ಲಿ 1, 4, 5 ಅಂತ ಅಂಕಿ ಬರೆದುಕೊಳ್ಳುತ್ತಿದ್ದರು. ಒಂದೊಂದು ಅಂಕಿ ಒಂದೊಂದು ಕಾರ್ಡ್ (chord), ಅಂದರೆ ಒಟ್ಟಿಗೇ ನುಡಿಸುವ ಸ್ವರಗಳ ಗುಂಪು. ಹಾಡುವವರು ಶ್ರುತಿ ಏರಿಸಿದರೂ ಇಳಿಸಿದರೂ ಅಂಕಿ ಬದಲಾಗುವುದಿಲ್ಲ, ನಮ್ಮ ಸರಿಗಮದ ಹಾಗೆ. 1950ರ ದಶಕದ ಕೊನೆಗೆ ಗಾಯಕ ನೀಲ್ ಮ್ಯಾಥ್ಯೂಸ್ ಹುಟ್ಟುಹಾಕಿದ ಪದ್ಧತಿ ಇದು. ಈ ಚೀಟಿ ಹೇಳುವುದು ಕಾರ್ಡ್ ಮಾತ್ರ. ಹಾಡು ಶುರುವಾಗುವ ಮೊದಲು ಬರುವ ಆ ನಾಲ್ಕು ಸ್ವರದ ಗಿಟಾರ್ ತುಣುಕು, ಸಾಲು ಸಾಲಿನ ನಡುವೆ ಬರುವ ಕುಣಿತ, ಇದನ್ನೆಲ್ಲ ನುಡಿಸುವವರೇ ಅಲ್ಲೇ ಕಟ್ಟಬೇಕು. ಎಷ್ಟೋ ಸಲ ಹಾಡಿನ ಮಾತು ಮರೆತುಹೋಗುತ್ತದೆ, ಆ ತುಣುಕು ಮಾತ್ರ ಕಿವಿಯಲ್ಲೇ ಉಳಿಯುತ್ತದೆ, ಅಲ್ವಾ? ಕಾಗದದ ಮೇಲೆ ಅದಕ್ಕೆ ಹಾಡಿನ ಸ್ಥಾನ ಸಿಗಲಿಲ್ಲ. ಹಾಡು ಅಂದರೆ ಮಾತು ಮತ್ತು ಮಟ್ಟು, ಅಷ್ಟೇ. ಗ್ರೇಡಿ ಮಾರ್ಟಿನ್, ಹ್ಯಾಂಕ್ ಗಾರ್ಲ್ಯಾಂಡ್, ಹೆರಾಲ್ಡ್ ಬ್ರಾಡ್ಲಿ ಅಂಥ ಗಿಟಾರ್ ವಾದಕರು ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಜೀವ ತುಂಬಿದರು. ಆಗಿನ ಎಷ್ಟೋ ರೆಕಾರ್ಡ್‌ಗಳ ಕವರ್ ಮೇಲೆ ಅವರ ಹೆಸರೂ ಇಲ್ಲ.

ಜೆರ್ರಿ ರೀಡ್ ಹುಟ್ಟಿದ್ದು 1937ರಲ್ಲಿ, ಜಾರ್ಜಿಯಾದ ಅಟ್ಲಾಂಟದಲ್ಲಿ. ಹದಿನೆಂಟರ ಹೊತ್ತಿಗೇ ರೆಕಾರ್ಡ್ ಮಾಡಿದರು, ಆಮೇಲೆ ಸೈನ್ಯದಲ್ಲಿ ಎರಡು ವರ್ಷ ಕಳೆದರು. 1961ರಲ್ಲಿ ನ್ಯಾಶ್‌ವಿಲ್‌ಗೆ ಬಂದರು. ಮರುವರ್ಷವೇ ಅವರು ಬರೆದ ಒಂದು ಹಾಡು ಪೋರ್ಟರ್ ವ್ಯಾಗನರ್ ದನಿಯಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಜೊತೆಗೆ ಸೆಷನ್‌ಗಳಲ್ಲಿ ಗಿಟಾರ್ ನುಡಿಸುತ್ತಾ ಇದ್ದರು. ಅವರ ಬಲಗೈ ನೋಡಬೇಕು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ತಾಳ ಹಿಡಿದು ನಡೆಯುತ್ತದೆ. ಉಳಿದ ಬೆರಳು ಹಕ್ಕಿಯ ಉಗುರಿನ ಹಾಗೆ ಬಾಗಿ ಎರಡು ಮೂರು ತಂತಿಯನ್ನು ಒಟ್ಟಿಗೇ ಸೆಳೆದು ಬಿಡುತ್ತವೆ. ಈ ಶೈಲಿಗೆ 'ಕ್ಲಾ' ಅಂತಲೇ ಹೆಸರು, ಅಂದರೆ ಪಂಜ. ಅವರ ಕೈ ಗುರುತಿಸಿ, ಹಾಡುಗಾರನಾಗಿ ಬೆಳೆಸಿದವರು ಸ್ವತಃ ದೊಡ್ಡ ಗಿಟಾರ್ ವಾದಕರಾದ ಚೆಟ್ ಆಟ್ಕಿನ್ಸ್.

1967ರಲ್ಲಿ ರೀಡ್ 'ಗಿಟಾರ್ ಮ್ಯಾನ್' ಹಾಡನ್ನು ಬರೆದು ಹಾಡಿದರು. ಅದು ಆಗಿನ ದೊಡ್ಡ ತಾರೆ, ಗಾಯಕ ಎಲ್ವಿಸ್ ಪ್ರೀಸ್ಲಿಗೆ ಹಿಡಿಸಿತು. ಆ ಸೆಪ್ಟೆಂಬರ್‌ನಲ್ಲಿ ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೊ ಬಿಯಲ್ಲಿ ಎಲ್ವಿಸ್ ಅದನ್ನು ಹಾಡಲು ಹೊರಟರು. ಸ್ಟುಡಿಯೊದಲ್ಲಿದ್ದ ಗಿಟಾರ್‌ಗಾರರು ಸಾಮಾನ್ಯದವರಲ್ಲ. ಆದರೂ ರೀಡ್ ರೆಕಾರ್ಡಿನಲ್ಲಿ ಇದ್ದ ಆ ನಾದ ಬರಲೇ ಇಲ್ಲ. ಅವರು ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆ, ಹಿಡಿದು ನುಡಿಸುವವರು. ರೀಡ್ ಬೆರಳಿನಲ್ಲಿ ನುಡಿಸುವವರು, ತಂತಿಯನ್ನೂ ತಮ್ಮದೇ ರೀತಿಯಲ್ಲಿ ಶ್ರುತಿ ಮಾಡುವವರು. ಕೊನೆಗೆ ಹಾಡು ಬರೆದವರನ್ನೇ ಕರೆಸಿ ಅಂದರು. ರೀಡ್ ಆಗ ಮೀನು ಹಿಡಿಯಲು ಹೋಗಿದ್ದರು. ಗಡ್ಡ ಕೂಡ ಕೆರೆಯದೆ ಹಾಗೇ ಎದ್ದು ಬಂದರು. ಗಿಟಾರ್ ಎತ್ತಿಕೊಂಡು ಮೊದಲ ತುಣುಕು ನುಡಿಸಿದ್ದೇ ತಡ, ಎಲ್ವಿಸ್ ಮುಖ ಅರಳಿತು ಅಂತ ರೀಡ್ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಹಾಡು ಮುಗಿಯಿತು. ಆಗ ಶುರುವಾಗಿದ್ದು ಕಾಗದದ ಮಾತು. ಎಲ್ವಿಸ್ ಹಾಡಬೇಕಾದರೆ ಆ ಹಾಡಿನ ಪಬ್ಲಿಷಿಂಗ್‌ನಲ್ಲಿ ಒಂದು ಪಾಲು ಬಿಟ್ಟುಕೊಡಬೇಕು ಅನ್ನುವುದು ಅವರ ಸುತ್ತ ಇದ್ದ ವ್ಯವಸ್ಥೆಯ ರೂಢಿ. ಒಬ್ಬಿಬ್ಬರು ಕೂತು ಹೂಡಿದ ಸಂಚು ಅಂತ ಹೇಳಲಾಗದು. ಆಗಿನ ಕಾಲದಲ್ಲಿ ಎಷ್ಟೋ ಕಡೆ ಹೀಗೇ ನಡೆಯುತ್ತಿತ್ತು, ಬರೆಯುವವರೂ ಸಹಿ ಹಾಕುತ್ತಿದ್ದರು. ಎಲ್ವಿಸ್ ಹಾಡಿದರೆ ಅರ್ಧ ಪಾಲಿನಲ್ಲೂ ಜಾಸ್ತಿ ದುಡ್ಡು ಬರುತ್ತದಲ್ಲ ಅನ್ನುವ ಲೆಕ್ಕ. ರೀಡ್ ಆಗೋದಿಲ್ಲ ಅಂದರು. ಬೇಡವಾದರೆ ಹಾಡು ಬಿಡುಗಡೆ ಮಾಡಬೇಡಿ ಎಂಬಲ್ಲಿಗೂ ಮಾತು ಹೋಯಿತು. ಅಷ್ಟು ಹೊತ್ತಿಗೆ ರೆಕಾರ್ಡಿಂಗ್ ಆಗಿಹೋಗಿತ್ತು, ಚೆನ್ನಾಗಿಯೂ ಬಂದಿತ್ತು. ಪಾಲು ಕೊಡದೆಯೇ ಹಾಡು 1968ರ ಜನವರಿಯಲ್ಲಿ ಹೊರಬಂತು. ಅದೇ ವರ್ಷದ ಎಲ್ವಿಸ್ ಟಿವಿ ಕಾರ್ಯಕ್ರಮಕ್ಕೆ ಅದೇ ಹಾಡು ದಾರದ ಹಾಗೆ ನಡುವೆ ಹರಿಯಿತು. ರೀಡ್ ಬರೆದ ಬೇರೆ ಹಾಡುಗಳನ್ನೂ ಎಲ್ವಿಸ್ ಹಾಡಿದರು.

ಆ ರಾತ್ರಿಯ ಕೆಲಸವನ್ನು ಬಿಡಿಸಿ ನೋಡಿ. ಹಾಡು ಬರೆದವರಾಗಿ ರೀಡ್ ಬೇಡ ಅನ್ನಬಲ್ಲವರಾಗಿದ್ದರು, ಕಾನೂನು ಅವರ ಬೆನ್ನಿಗಿತ್ತು. 1967ರಲ್ಲಿ ಪ್ರಕಟವಾದ ಹಾಡಿಗೆ ಅಲ್ಲಿ 95 ವರ್ಷದ ಹಕ್ಕು, ಅಂದರೆ 2062ರ ಕೊನೆಯವರೆಗೆ. ಗಿಟಾರ್ ನುಡಿಸಿದವರಾಗಿ ಅವರಿಗೆ ಸಿಕ್ಕಿದ್ದು ಸೆಷನ್ ಕೂಲಿ. ಅವರಿಲ್ಲದೆ ಹಾಡು ಆಗಲಿಲ್ಲ ಅನ್ನುವುದು ನಿಜವೇ. ಅದನ್ನು ಬರೆದುಕೊಳ್ಳಲು ಯಾವ ಕಾಗದದಲ್ಲೂ ಜಾಗ ಇರಲಿಲ್ಲ. ರೀಡ್‌ಗೆ ಬರೆಯುವ ಕೈ, ನುಡಿಸುವ ಕೈ ಎರಡೂ ಇತ್ತು. ಅದೇ ಕೋಣೆಯಲ್ಲಿ ಕೂತ ಉಳಿದ ವಾದಕರಿಗೆ ಒಂದೇ.

ವಾದಕರು ಸುಮ್ನೆ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. 1942ರ ಆಗಸ್ಟ್‌ನಲ್ಲಿ ಅಮೆರಿಕದ ವಾದಕರ ಸಂಘ ರೆಕಾರ್ಡಿಂಗ್ ಕೆಲಸವನ್ನೇ ನಿಲ್ಲಿಸಿತು. 1944ರವರೆಗೆ ಎಳೆದ ಆ ಮುಷ್ಕರದಿಂದ ಕಂಪನಿಗಳು ಸಂಘದ ನಿಧಿಗೆ ದುಡ್ಡು ಕಟ್ಟುವ ಹಾಗಾಯಿತು. 1960ರ ದಶಕದಲ್ಲಿ ಸೆಷನ್ ವಾದಕರಿಗೆ ವರ್ಷಕ್ಕೊಮ್ಮೆ ಚೆಕ್ ಬರುವ ಇನ್ನೊಂದು ನಿಧಿ ಬಂತು. ಅದೂ ಒಟ್ಟು ದುಡಿಮೆಯ ಲೆಕ್ಕ. ನೀವು ನುಡಿಸಿದ ಯಾವ ಹಾಡು ಗೆದ್ದಿತು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. 1995ರ ಕಾನೂನು ಡಿಜಿಟಲ್ ಪ್ರಸಾರದ ದುಡ್ಡಿನಲ್ಲಿ ಶೇ 5ರಷ್ಟನ್ನು ಹಿನ್ನೆಲೆ ವಾದಕರಿಗೆ ಮತ್ತು ಗಾಯಕರಿಗೆ ಎತ್ತಿಟ್ಟಿತು. ಹಳೆಯ ರೇಡಿಯೊ ಮಾತ್ರ ಅದರಿಂದ ಹೊರಗೇ ಉಳಿಯಿತು. ನಮ್ಮಲ್ಲಿ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ, ಸಾಹಿತ್ಯ ಬರೆದವರು ಮತ್ತು ಸಂಗೀತ ಕೊಟ್ಟವರು ರಾಯಲ್ಟಿಯ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಡಲಾಗದಂತೆ ಮಾಡಿತು. ಸ್ಟುಡಿಯೊದಲ್ಲಿ ಆ ರಾತ್ರಿ ರೀಡ್ ಒಬ್ಬರೇ ನಿಂತು ಹೇಳಿದ ಮಾತನ್ನು ಇಲ್ಲಿ ಕಾನೂನೇ ಹೇಳುತ್ತದೆ.

ರೀಡ್ ಮುಂದೆ ತಾವೇ ತಾರೆಯಾದರು. ಗ್ರ್ಯಾಮಿ ಬಂದವು, 1977ರ ಹೊತ್ತಿಗೆ ಸಿನಿಮಾದಲ್ಲೂ ಹೆಸರು ಮಾಡಿದರು. 2008ರಲ್ಲಿ ತೀರಿಕೊಂಡರು. 2017ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಅವರ ಹೆಸರು ಸೇರಿಸಿಕೊಂಡಿತು.

ನಡುವಿನ ಒಂದು ಸಂಗತಿ ಉಳಿದಿದೆ. 1977ರಲ್ಲಿ ಎಲ್ವಿಸ್ ತೀರಿಹೋದ ಮೇಲೆ ಅವರ ಹಳೆಯ ದನಿಯನ್ನು ಹಾಗೇ ಇಟ್ಟು, ಹಿಂದಿನ ವಾದ್ಯಗಳನ್ನೆಲ್ಲ ಹೊಸದಾಗಿ ನುಡಿಸಿ 'ಗಿಟಾರ್ ಮ್ಯಾನ್' ಹಾಡನ್ನು ಮತ್ತೆ ಹೊರತಂದರು. 1981ರಲ್ಲಿ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಅದಕ್ಕೆ ಗಿಟಾರ್ ಬೇಕಾದಾಗ ಮತ್ತೆ ಜೆರ್ರಿ ರೀಡ್ ಅವರನ್ನೇ ಕರೆದರು.