ಪದ ಪರಿಚಯ: ಆಫ್ರೋಫ್ಯೂಚರಿಸಂ

ಆಫ್ರೋಫ್ಯೂಚರಿಸಂ ಎಂದರೆ ಆಫ್ರಿಕನ್ ಮೂಲದ ಕಪ್ಪು ಜನರ ಗತವನ್ನೂ ನಾಳೆಯನ್ನೂ ವಿಜ್ಞಾನ, ಪುರಾಣ, ಕಲ್ಪನೆಗಳನ್ನು ಬೆರೆಸಿ ಕಟ್ಟಿಕೊಡುವ ಕಲೆ, ಸಂಗೀತ, ಸಾಹಿತ್ಯಗಳ ಧಾರೆ. ಇದನ್ನು ‘ಆಫ್ರಿಕನ್ ಭವಿಷ್ಯವಾದ’ ಎಂದು ಕನ್ನಡಿಸಿದರೆ ಎರಡು ತೊಡಕುಗಳು ಎದುರಾಗುತ್ತವೆ. ಭವಿಷ್ಯ ಎಂದೊಡನೆ ನಮಗೆ ಜಾತಕ ನೆನಪಾಗುವುದು ಸಣ್ಣ ತೊಡಕು. 1909ರಲ್ಲಿ ಇಟಲಿಯ ಕವಿ ಮರಿನೆಟ್ಟಿ ಸಾರಿದ ಫ್ಯೂಚರಿಸಂ ಎಂಬ ಕಲಾಚಳವಳಿಯ ನೆರಳು ಇದರ ಮೇಲೂ ಬೀಳುವುದು ದೊಡ್ಡ ತೊಡಕು. ಮ್ಯೂಸಿಯಂಗಳನ್ನೂ ಗ್ರಂಥಾಲಯಗಳನ್ನೂ ಕೆಡವಬೇಕೆಂದು ಮರಿನೆಟ್ಟಿ ಕೂಗಿದ್ದು ಗತಕಾಲದ ಭಾರ ಹೆಚ್ಚಾಯಿತೆಂಬ ಬೇಸರದಿಂದ. ಆಫ್ರೋಫ್ಯೂಚರಿಸಂ ಹುಟ್ಟಿದ್ದು ಗುಲಾಮಗಿರಿಯು ಗತಕಾಲವನ್ನೇ ಕಸಿದುಕೊಂಡ ಕಪ್ಪು ಜನರ ನಡುವೆ.

ಈ ಪದವನ್ನು 1993ರಲ್ಲಿ ಟಂಕಿಸಿದವರು ಅಮೆರಿಕದ ಬಿಳಿಯ ವಿಮರ್ಶಕ ಮಾರ್ಕ್ ಡೆರಿ. ಬುದ್ಧಿಪೂರ್ವಕವಾಗಿ ಇತಿಹಾಸವನ್ನು ಅಳಿಸಿಹಾಕಲಾದ, ಉಳಿದ ಗುರುತುಗಳನ್ನು ಹುಡುಕುವುದರಲ್ಲೇ ಶಕ್ತಿಯೆಲ್ಲ ಸವೆದುಹೋದ ಸಮುದಾಯವೊಂದು ನಾಳೆಯನ್ನು ಕಲ್ಪಿಸಿಕೊಳ್ಳುವುದು ಸಾಧ್ಯವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹೆಸರು ಬರುವ ಎಷ್ಟೋ ಮೊದಲೇ ಕೆಲಸ ನಡೆದಿತ್ತು ಎನ್ನುವುದನ್ನೂ ಹೇಳಬೇಕು: ಅಲಬಾಮಾದಲ್ಲಿ ಹುಟ್ಟಿದ ಜಾಝ್ ಸಂಗೀತಗಾರ ಸನ್ ರಾ, ತಾನು ಶನಿಗ್ರಹದವನೆಂದು ಹೇಳಿಕೊಂಡು, ಪ್ರಾಚೀನ ಈಜಿಪ್ಟಿನ ವೇಷದಲ್ಲಿ ವೇದಿಕೆಯೇರುತ್ತಿದ್ದರು. ಪುರಾತನವನ್ನೂ ಅಂತರಿಕ್ಷವನ್ನೂ ಒಂದೇ ಮೈಮೇಲೆ ತೊಡುವ ಈ ರೀತಿಯೇ ಮುಂದೆ ಚಿತ್ರ-ಶಿಲ್ಪಗಳಿಗೂ ಹರಿದು ಬಂದಿತು.

ಅಮೆರಿಕದ ಕಲಾವಿದೆ ಎಲೆನ್ ಗ್ಯಾಲಘರ್ ಅವರ ‘ವಾಟರಿ ಎಕ್ಸ್ಟಾಟಿಕ್’ ಸರಣಿಯನ್ನು ನೋಡಿದರೆ ಪರಿಕಲ್ಪನೆಯ ಒಳಗು ತಿಳಿಯುತ್ತದೆ. ಇದರ ಹಿಂದಿರುವುದು ಡ್ರೆಕ್ಸಿಯಾ ಎಂಬ ಡೆಟ್ರಾಯ್ಟ್‌ನ ಟೆಕ್ನೋ ಸಂಗೀತಗಾರರ ಜೋಡಿ 1990ರ ದಶಕದಲ್ಲಿ ಕಟ್ಟಿದ ಕಥೆ. ಗುಲಾಮರ ಹಡಗುಗಳಿಂದ ಅಟ್ಲಾಂಟಿಕ್ ಸಾಗರಕ್ಕೆ ಎಸೆಯಲ್ಪಟ್ಟ ಬಸುರಿಯರ ಶಿಶುಗಳು ನೀರೊಳಗೇ ಉಸಿರಾಡಲು ಕಲಿತು, ಕಡಲ ತಳದಲ್ಲಿ ತಮ್ಮದೇ ನಾಡು ಕಟ್ಟಿಕೊಂಡವು ಎನ್ನುತ್ತದೆ ಆ ಕಥೆ. ಜನರನ್ನು ಕಡಲಿಗೆ ಎಸೆದದ್ದು ಮಾತ್ರ ಕಥೆಯಲ್ಲ. 1781ರಲ್ಲಿ ಝಾಂಗ್ ಎಂಬ ಬ್ರಿಟಿಷ್ ಹಡಗಿನಿಂದ 130ಕ್ಕೂ ಹೆಚ್ಚು ಮಂದಿಯನ್ನು ನೀರುಪಾಲು ಮಾಡಿ, ಆಮೇಲೆ ‘ಸರಕು ನಷ್ಟ’ಕ್ಕೆ ವಿಮೆಯ ಹಣ ಕೇಳಲಾಗಿತ್ತು. ಗ್ಯಾಲಘರ್ ದಪ್ಪನೆಯ ಬಿಳಿ ಜಲವರ್ಣ ಕಾಗದವನ್ನು ಅಲಗಿನಿಂದ ಕೊರೆದು, ನಾವಿಕರು ತಿಮಿಂಗಿಲದ ಹಲ್ಲಿನ ಮೇಲೆ ಚಿತ್ರ ಕೆತ್ತುತ್ತಿದ್ದ ಹಾಗೆ, ಜಲಚರಗಳನ್ನು ಮೂಡಿಸುತ್ತಾರೆ. ಬಿಳಿಯ ಮೇಲೆ ಬಿಳಿಯಾಗಿರುವ ಕೆತ್ತನೆ ಎದುರು ನಿಂತವರಿಗೆ ಸುಲಭವಾಗಿ ಕಾಣುವುದಿಲ್ಲ. ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬಿದ್ದಾಗ ಕಾಗದದ ಗಾಯಗಳು ಜೀವಿಗಳಾಗಿ ಏಳುತ್ತವೆ. ಈ ಬಗೆಯ ಕಲೆಗೆ ರಾಕೆಟ್ಟೇ ಬೇಕೆಂದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚುವುದಿಲ್ಲ.

ಕೀನ್ಯಾದ ನೈರೋಬಿಯಲ್ಲಿ ಹುಟ್ಟಿದ ಕಲಾವಿದೆ ವಾಂಗೆಚಿ ಮುಟು ಅವರ ಕೆಲಸ ಬೇರೆ ಬಗೆಯದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಮುಂಭಾಗದಲ್ಲಿ, 1902ರಿಂದಲೂ ಬರಿದಾಗಿ ಉಳಿದಿದ್ದ ಗೂಡುಗಳಲ್ಲಿ, 2019ರಲ್ಲಿ ಅವರು ನಾಲ್ವರು ಕಂಚಿನ ಹೆಂಗಸರನ್ನು ಕೂರಿಸಿದರು. ಮೈಗೆಲ್ಲ ಸುರುಳಿಸುರುಳಿಯಾಗಿ ಸುತ್ತಿಕೊಂಡ ಉಡುಗೆ; ತಲೆ ಅಥವಾ ಮುಖದ ಮೇಲೆ ಬಿಸಿಲನ್ನು ಹಿಂದಕ್ಕೆ ಎಸೆಯುವ ನುಣುಪಾದ ತಟ್ಟೆ. ತಟ್ಟೆ ಆಫ್ರಿಕದ ಕೆಲವು ಸಮುದಾಯಗಳ ಹೆಂಗಸರ ತುಟಿಯಾಭರಣವನ್ನು ನೆನಪಿಸುತ್ತದೆ, ಅನ್ಯಗ್ರಹದಿಂದ ಬಂದವರ ಉಪಕರಣದಂತೆಯೂ ತೋರುತ್ತದೆ. ಗ್ರೀಕ್ ಗುಡಿಗಳಲ್ಲಿಯೂ ಆಫ್ರಿಕದ ಅರಸರ ಪೀಠಗಳಲ್ಲಿಯೂ ಹೆಣ್ಣಿನ ಆಕೃತಿ ಭಾರ ಹೊರುತ್ತಿದ್ದರೆ, ಇವರು ಏನನ್ನೂ ಹೊರದೆ ನೆಟ್ಟಗೆ ಕುಳಿತಿದ್ದರು.

ಅದೇ ಮ್ಯೂಸಿಯಂ 2021ರಲ್ಲಿ, ನ್ಯೂಯಾರ್ಕಿನಲ್ಲೇ ಹಿಂದೆ ಇದ್ದ ಸೆನೆಕಾ ವಿಲೇಜ್ ಎಂಬ ಊರಿನ ಮನೆಯೊಂದನ್ನು ಕಲ್ಪಿಸಿ ಕೋಣೆ ಸಜ್ಜುಗೊಳಿಸಿತು. ಆ ಊರಿನಲ್ಲಿದ್ದವರು ಬಹುಪಾಲು ಕಪ್ಪು ಜನ. ಸೆಂಟ್ರಲ್ ಪಾರ್ಕಿಗಾಗಿ 1857ರಲ್ಲಿ ಅದನ್ನು ತೆರವುಗೊಳಿಸಲಾಗಿತ್ತು. ಊರು ಅಳಿಯದೆ ಇಂದಿಗೂ, ಮುಂದೆಯೂ ಉಳಿದಿದ್ದರೆ ಅಲ್ಲಿನ ನಡುಮನೆಯಲ್ಲಿ ಏನೇನಿರುತ್ತಿತ್ತು ಎಂಬುದೇ ಆ ಕೋಣೆಯ ವಸ್ತು.

ಪದದ ಬಗ್ಗೆ ಒಳಗಿನಿಂದಲೇ ತಕರಾರಿದೆ. ಈ ಹೆಸರು ಅಮೆರಿಕದ ಅನುಭವವನ್ನೇ ನಡುವಿಗಿಡುತ್ತದೆ ಎಂದು ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ನೆಡಿ ಒಕೊರಾಫೋರ್, ಆಫ್ರಿಕದ ನೆಲದಲ್ಲೇ ಬೇರೂರಿದ ಕಥನಕ್ಕೆ 2019ರಲ್ಲಿ ‘ಆಫ್ರಿಕನ್‌ಫ್ಯೂಚರಿಸಂ’ ಎಂಬ ಬೇರೆ ಹೆಸರನ್ನು ಮುಂದಿಟ್ಟರು. 2018ರ ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದ ನಂತರವಂತೂ ಹೊಳೆಯುವ ಶಿರಸ್ತ್ರಾಣ ತೊಟ್ಟ ಕಪ್ಪು ಮುಖವೆಲ್ಲವೂ ಈ ಹೆಸರಿಗೆ ಅರ್ಹ ಎಂಬಂತಾಗಿದೆ; ಅಳಿಸಿಹೋದುದರೊಂದಿಗೆ ಲೆಕ್ಕಾಚಾರವಿಲ್ಲದ ಚಿತ್ರಗಳನ್ನು ಬರೀ ವೇಷಭೂಷಣ ಎನ್ನುವುದೇ ಸರಿ. ನೈರೋಬಿಯ ಕಲಾವಿದ ಸೈರಸ್ ಕಬಿರು ಗುಜರಿ ತಂತಿ, ಬಾಟಲಿ ಮುಚ್ಚಳ, ಲೋಹದ ಚೂರುಗಳಿಂದ ಮಾಡುವ ಕನ್ನಡಕಗಳನ್ನೂ ವಿಮರ್ಶಕರು ಇದೇ ಹೆಸರಿನಡಿ ಸೇರಿಸುತ್ತಾರೆ. ಅಲ್ಲಿ ಬಾಹ್ಯಾಕಾಶವಿಲ್ಲ, ಇರುವುದು ಊರಿನ ಕಸ. ಆದರೂ ತೊಟ್ಟು ನಿಂತ ಮುಖ ಇನ್ನೂ ಬಾರದ ಕಾಲದ್ದೆಂಬಂತೆ ಕಾಣುತ್ತದೆ.